ಪದರಶಿಲೆಗಳಲ್ಲಿ ನ್ಯೂಟ್ರಾನ್ ಲಾಗಿಂಗ್ ಉಪಕರಣದ ಸಿಮ್ಯುಲೇಷನ್ ಮಾಡುವ ಕ್ರಮ

ತೈಲಬಾವಿಗೆ ಇಳಿಸುವ ನ್ಯೂಟ್ರಾನ್ ಉಪಕರಣವು ಶಿಲೆಯ ಸರಂಧ್ರತೆಯನ್ನು (ಅದರ ಗಾತ್ರದಲ್ಲಿ ರಂಧ್ರಗಳ ಪಾಲನ್ನು) ನೇರವಾಗಿ ಅಳೆಯುವುದಿಲ್ಲ. ಅಮೆರಿಸಿಯಂ-ಬೆರಿಲಿಯಂ ಮೂಲದಿಂದ ಹೊರಟ ನ್ಯೂಟ್ರಾನ್‌ಗಳು ಮುಖ್ಯವಾಗಿ ಜಲಜನಕಕ್ಕೆ ಡಿಕ್ಕಿ ಹೊಡೆದು ನಿಧಾನಗೊಂಡ ಮೇಲೆ, ಹತ್ತಿರದ ಮತ್ತು ದೂರದ ಹೀಲಿಯಂ-3 ಡಿಟೆಕ್ಟರ್‌ಗಳಲ್ಲಿ ದಾಖಲಾದ ಎಣಿಕೆಗಳ ಅನುಪಾತವನ್ನಷ್ಟೇ ಅದು ಕೊಡುತ್ತದೆ. ಅರಬ್ಬೀ ಸಮುದ್ರದ ತೈಲಕ್ಷೇತ್ರವಾದ ಮುಂಬೈ ಹೈನಂಥ ಕಡೆ ಸುಣ್ಣಕಲ್ಲಿನ ನಡುವೆ ತೆಳುವಾದ ಶೇಲ್ (ಜೇಡಿಶಿಲೆ) ಪದರಗಳಿರುವುದರಿಂದ, ಆ ಅನುಪಾತದಲ್ಲಿ ಯಾವ ಪದರದ ಪಾಲೆಷ್ಟು ಎಂದು ತಿಳಿಯಲು ಒಂದೊಂದು ಕಣದ ಹಾದಿಯನ್ನೂ ಯಾದೃಚ್ಛಿಕ ಸಂಖ್ಯೆಗಳಿಂದ ಕಂಪ್ಯೂಟರ್‌ನಲ್ಲಿ ಅನುಸರಿಸುವ ಮಾಂಟೆ ಕಾರ್ಲೊ ವಿಧಾನವೇ ನಂಬಿಕೆಗೆ ಅರ್ಹವಾದ ದಾರಿ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಎಂಸಿಎನ್‌ಪಿ ಎಂಬ ತಂತ್ರಾಂಶ ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ಮುಕ್ತವಾಗಿ ಸಿಗುವ ಓಪನ್‌ಎಂಸಿಯಿಂದಲೂ ಕಲಿಕೆ ಆರಂಭಿಸಬಹುದು.

ಪದರಗಳಿಗೆ ಕೈಹಾಕುವ ಮೊದಲು ಏಕರೂಪದ ಶಿಲೆಯಲ್ಲಿ ಮಾದರಿಯನ್ನು ಪರೀಕ್ಷಿಸಿರಿ. ಹ್ಯೂಸ್ಟನ್‌ನಲ್ಲಿ ಇಂಥ ಉಪಕರಣಗಳ ಅಳತೆಯನ್ನು ಸರಿಹೊಂದಿಸಲು ಮಾಡಿದ್ದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಪರೀಕ್ಷಾ ಗುಂಡಿಯಲ್ಲಿದ್ದ 19% ಸರಂಧ್ರತೆಯ ಇಂಡಿಯಾನಾ ಸುಣ್ಣಕಲ್ಲನ್ನೇ ತೆಗೆದುಕೊಳ್ಳೋಣ. ಕ್ಯಾಲ್ಸೈಟ್‌ನ ಸಾಂದ್ರತೆ 2.71, ನೀರಿನದು 1 ಎಂದಾದರೆ ಒಟ್ಟು ಸಾಂದ್ರತೆ 0.81 × 2.71 + 0.19, ಅಂದರೆ ಘನ ಸೆಂಟಿಮೀಟರಿಗೆ ಸುಮಾರು 2.385 ಗ್ರಾಂ. ಧಾತುಗಳ ಪ್ರಮಾಣವನ್ನೂ ಇದೇ ಲೆಕ್ಕದಿಂದ ಪಡೆಯಬೇಕು. ನೀರಿನಲ್ಲಿ ಬಂಧಿತವಾದ ಜಲಜನಕಕ್ಕೆ ಉಷ್ಣ ಚದುರಿಕೆಯ ದತ್ತಾಂಶವನ್ನು ಸೇರಿಸಲು ಮರೆಯಬಾರದು, ಏಕೆಂದರೆ ಡಿಟೆಕ್ಟರ್ ಮುಖ್ಯವಾಗಿ ಹಿಡಿಯುವುದು ನಿಧಾನಗತಿಯ, ಅಂದರೆ ಉಷ್ಣ, ನ್ಯೂಟ್ರಾನ್‌ಗಳನ್ನೇ. ಉಪಕರಣವನ್ನು ಬಾವಿಯ ನಡುವೆ ತೂಗಿಬಿಡದೆ, ಕ್ಷೇತ್ರದಲ್ಲಿ ಇರುವಂತೆ ಗೋಡೆಗೆ ಒರಗಿಸಿರಿ. ಶೇಲ್‌ಗೆ ಬಂದಾಗ ಜೇಡಿ ಖನಿಜಗಳಲ್ಲಿ ಕಟ್ಟಿಕೊಂಡಿರುವ ನೀರನ್ನೂ, ಇದ್ದಲ್ಲಿ ಬೋರಾನನ್ನೂ ಸೇರಿಸಬೇಕು. ಬೋರಾನ್ ಅತ್ಯಲ್ಪವಿದ್ದರೂ ಉಷ್ಣ ನ್ಯೂಟ್ರಾನ್‌ಗಳನ್ನು ಹೇರಳವಾಗಿ ಹೀರುತ್ತದೆ.

ಈಗ ಪದರಗಳು. ಉಪಕರಣವನ್ನು ಮೇಲೆ ಕೆಳಗೆ ಸರಿಸುವುದಕ್ಕಿಂತ ಅದನ್ನು ಒಂದೆಡೆ ನಿಲ್ಲಿಸಿ, ಪದರಗಳ ಗಡಿಯ ಸಮತಲಗಳನ್ನೇ ಸರಿಸುವುದು ನನ್ನ ಮಟ್ಟಿಗೆ ಮೇಲಾದ ಪದ್ಧತಿ: ಮೂಲ ಮತ್ತು ಡಿಟೆಕ್ಟರ್‌ಗಳ ಸ್ಥಾನ ಬದಲಾಗದ ಕಾರಣ, ಒಮ್ಮೆ ಸಿದ್ಧಪಡಿಸಿದ ವೇಯ್ಟ್ ವಿಂಡೋಗಳು (ಡಿಟೆಕ್ಟರ್‌ನತ್ತ ಸಾಗುವ ಕಣಗಳಿಗೆ ಲೆಕ್ಕದಲ್ಲಿ ಹೆಚ್ಚು ಗಮನ ಕೊಡುವ ಮಿತಿಗಳು) ಎಲ್ಲ ಹಂತಗಳಿಗೂ ಬಹುಮಟ್ಟಿಗೆ ಒದಗಿಬರುತ್ತವೆ. ಗಡಿಯ ಬಳಿ 5 ಸೆಂ.ಮೀ. ಹೆಜ್ಜೆ, ದೂರದಲ್ಲಿ 20 ಸೆಂ.ಮೀ. ಹೆಜ್ಜೆ ಸಾಕು. ಮಾದರಿಯ ಹೊರ ಅಂಚನ್ನು ಇನ್ನಷ್ಟು ಹಿಗ್ಗಿಸಿದಾಗ ಎಣಿಕೆ ಬದಲಾದರೆ ಮಾದರಿ ಚಿಕ್ಕದಾಯಿತೆಂದೇ ಅರ್ಥ.

ಹೆಚ್ಚು ತಾಳ್ಮೆ ಬೇಡುವುದು ದೂರದ ಡಿಟೆಕ್ಟರ್. ಅಲ್ಲಿಗೆ ತಲುಪುವ ಕಣಗಳು ಬಹಳ ಕಡಿಮೆಯಾದ್ದರಿಂದ ಅನುಪಾತದ ದೋಷವನ್ನು ಬಹುಪಾಲು ಅದೇ ನಿರ್ಧರಿಸುತ್ತದೆ, ಮತ್ತು ದೋಷವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಕಣಗಳು ಬೇಕು. ಎರಡೂ ಎಣಿಕೆಗಳಲ್ಲಿ ಸಾಪೇಕ್ಷ ದೋಷ 1% ಇದ್ದು, ಅವು ಪರಸ್ಪರ ಸ್ವತಂತ್ರವಾಗಿದ್ದರೆ ಅನುಪಾತದ ದೋಷ ಸುಮಾರು 1.4% ಆಗುತ್ತದೆ, ಅಷ್ಟರೊಳಗಿನ ಏರಿಳಿತವನ್ನು ಪದರದ ಗುರುತೆಂದು ಓದಬಾರದು.

ಕೊನೆಗೆ 30 ಸೆಂ.ಮೀ. ದಪ್ಪದ ಶೇಲ್ ಪದರವೊಂದನ್ನು ಸುಣ್ಣಕಲ್ಲಿನ ನಡುವೆ ಇರಿಸಿ ಓಡಿಸಿರಿ. ಮೂಲದಿಂದ ದೂರದ ಡಿಟೆಕ್ಟರ್‌ಗೆ ಇರುವ ಅಂತರ ಅದಕ್ಕಿಂತ ಹೆಚ್ಚಾಗಿದ್ದರೆ, ಅನುಪಾತದ ವಕ್ರರೇಖೆಯು ಪದರದ ನಟ್ಟನಡುವೆಯೂ ಶೇಲ್‌ನ ನಿಜವಾದ ಅಂಕೆಯನ್ನು ಮುಟ್ಟದೆ ಹಿಂದಿರುಗುವುದನ್ನು ಕಾಣುವಿರಿ. ಆ ಕೊರತೆಯನ್ನು ಬೇರೆ ಬೇರೆ ದಪ್ಪಗಳಿಗೆ ಕೋಷ್ಟಕವಾಗಿ ಬರೆದಿಟ್ಟುಕೊಂಡರೆ, ಬಾವಿಯಿಂದ ಬಂದ ಲಾಗ್‌ನಲ್ಲಿ (ಆಳಕ್ಕೆ ತಕ್ಕಂತೆ ದಾಖಲಾದ ಅಳತೆಯಲ್ಲಿ) ತೆಳು ಪದರದ ಓದನ್ನು ತಿದ್ದಲು ಅದನ್ನೇ ಬಳಸಬಹುದು.