ಪ್ರೊಸೆಸರ್ ಬದಲಿಸಲು ಹೋಗಿ ಧೂಳು ತೆಗೆದೆ

ಅರ್ಧ ಗಂಟೆ ಗೇಮ್ ಆಡಿದರೆ ಸಾಕು, ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿತ್ತು. ಒಳಗಿರುವುದು ಇಂಟೆಲ್‌ನ ಕೋರ್ ಐ7-9750ಎಚ್ ಪ್ರೊಸೆಸರ್. ಹೊಸ ಪ್ರೊಸೆಸರ್ ಹಾಕಿಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ನಕ್ಕರು. "ಇದು ಬೋರ್ಡಿಗೇ ಬೆಸುಗೆ ಹಾಕಿರೋದು ಸರ್, ಬದಲಾಯಿಸೋಕಾಗಲ್ಲ." ಓವರ್‌ಕ್ಲಾಕ್ ಮಾಡೋಣ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸೋಣ ಅಂದರೆ, ವೇಗ ನಿರ್ಧರಿಸುವ ಮಲ್ಟಿಪ್ಲೈಯರ್‌ಗೂ ಬೀಗ.

ಮನೆಗೆ ಬಂದು ನೋಡಿದರೆ ಬಿಸಿ 97 ಡಿಗ್ರಿ. ಆರೂ ಕೋರ್ ಸೇರಿ 4 ಗಿಗಾಹರ್ಟ್ಜ್‌ವರೆಗೆ ಓಡಬಲ್ಲದ್ದು ಬಿಸಿ ತಾಳದೆ 2.4ಕ್ಕೆ ಕುಸಿದಿತ್ತು!

ಹಿಂಬದಿ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತೆ (ಇದನ್ನು ಮರೀಬೇಡಿ). ಫ್ಯಾನಿನ ಬಾಯಲ್ಲಿ ಧೂಳು ಹಳೇ ಕಂಬಳಿ ತುಂಡಿನ ಹಾಗೆ ಕೂತಿತ್ತು. ಚಿಮಟದಲ್ಲಿ ಎಳೆದರೆ ಇಡಿಯಾಗಿಯೇ ಬಂತು. ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸಲು ನೆರವಾಗುವ ಥರ್ಮಲ್ ಪೇಸ್ಟ್ ಒಣಗಿ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಿದೆ.

ಆಮೇಲೆ ಬಿಸಿ ಇನ್ನಷ್ಟು ಇಳಿಯಲಿ ಅಂತ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ಕೋರ್ ಮತ್ತು ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಎರಡರ ವೋಲ್ಟೇಜನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಮೈನಸ್ 130 ಮಿಲಿವೋಲ್ಟ್‌ಗೆ ವಿಂಡೋಸ್ ಕುಸಿದು ನೀಲಿ ಪರದೆ ಬಂತು. ಜಾಸ್ತಿ ಆಸೆ ಬೇಡ ಅಂತ 100ಕ್ಕೆ ನಿಲ್ಲಿಸಿದೆ. 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಎಂಬ, ವೋಲ್ಟೇಜ್ ಇಳಿಸಿ ಗುಟ್ಟು ಕದಿಯಬಹುದಾದ ಭದ್ರತಾ ದೋಷ ಬಯಲಾದ ಮೇಲೆ ಬಂದ ಹಲವು ಬಯೋಸ್ (ಲ್ಯಾಪ್‌ಟಾಪ್ ಶುರುಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್‌ಗಳು ಈ ದಾರಿಯನ್ನೂ ಮುಚ್ಚಿವೆ. ನನ್ನದು ಹಳೇ ಬಯೋಸ್, ಬಚಾವಾದೆ.

ಈಗ ಅದೇ ಗೇಮಿಗೆ 83 ಡಿಗ್ರಿ, 3.7 ಗಿಗಾಹರ್ಟ್ಜ್. ಪೇಸ್ಟ್ ಟ್ಯೂಬಿನಲ್ಲಿ ಇನ್ನೂ ಅರ್ಧ ಉಳಿದಿದೆ.