ಬೋಳಿಸಬೇಡಿ, ಬಾಚಿ: ನಾಯಿಯ ಕೂದಲು ಉದುರುವುದನ್ನು ನಿಭಾಯಿಸುವುದು ಹೇಗೆ?

ಮಾರ್ಚ್ ಕಾಲಿಟ್ಟಿತೆಂದರೆ ನಾಯಿ ಸಾಕಿದ ಮನೆಗಳಲ್ಲಿ ಎರಡು ಚಿಂತೆ ಒಟ್ಟಿಗೇ ಶುರುವಾಗುತ್ತವೆ. ಸೋಫಾ, ಚಾಪೆ, ಒಗೆದಿಟ್ಟ ಬಟ್ಟೆ, ಎಲ್ಲಿ ನೋಡಿದರೂ ಕೂದಲು. ಜೊತೆಗೆ, ಇಷ್ಟು ದಪ್ಪ ತುಪ್ಪಳ ಹೊತ್ತುಕೊಂಡು ಈ ಬಿಸಿಲನ್ನು ಹೇಗೆ ತಡೆದೀತು ಎಂಬ ಮರುಕ. ಎರಡಕ್ಕೂ ಒಂದೇ ಮದ್ದು ಎಂದುಕೊಂಡು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಾಮೇರಿಯನ್‌ಗಳನ್ನು ಗ್ರೂಮಿಂಗ್ ಅಂಗಡಿಗೆ ಒಯ್ದು ಪೂರ್ತಿ ಬೋಳಿಸಿಸುತ್ತಾರೆ. ಉದುರುವುದು ನಿಲ್ಲುವುದಿಲ್ಲ, ಉದ್ದ ಕೂದಲಿನ ಬದಲು ಸೂಜಿಯಂಥ ಗಿಡ್ಡ ಕೂದಲು ಬಟ್ಟೆಗೆ ಚುಚ್ಚಿಕೊಳ್ಳುತ್ತದೆ ಅಷ್ಟೆ. ಸೆಖೆಯೂ ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ. ಕೆಲವು ನಾಯಿಗಳಿಗೆ ವರ್ಷ ಕಳೆದರೂ ಮೊದಲಿನ ತುಪ್ಪಳ ಬರುವುದಿಲ್ಲ. ತೆಗೆಯಬೇಕಾದದ್ದು ಮೇಲಿನ ಕೂದಲಲ್ಲ, ಒಳಗೆ ಸತ್ತು ಸಿಕ್ಕಿಕೊಂಡಿರುವ ಕೂದಲು.

ಮೊದಲು ಯಾವ ಬಗೆಯ ಕೂದಲು ಎಂದು ನೋಡಿ

ಭುಜದ ಹಿಂದೆ, ಬೆನ್ನ ಮೇಲೆ, ಎರಡು ಹೆಬ್ಬೆರಳಿನಿಂದ ಬೈತಲೆ ತೆಗೆದಂತೆ ಕೂದಲು ಬಿಡಿಸಿ ಬೆಳಕಿನಲ್ಲಿ ನೋಡಿ. ಮೇಲೆ ಉದ್ದವಾದ, ಒರಟಾದ ಕೂದಲಿದ್ದು ಬುಡದಲ್ಲಿ ಹತ್ತಿಯಂತೆ ಮೆತ್ತನೆಯ, ತಿಳಿಬಣ್ಣದ ಗಿಡ್ಡ ಕೂದಲು ಒತ್ತಾಗಿ ತುಂಬಿದ್ದರೆ ಅದು ಎರಡು ಪದರದ ತುಪ್ಪಳ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ, ಪಾಮೇರಿಯನ್, ನಮ್ಮಲ್ಲಿ ‘ಪಮ್ಮಿ’ ಎಂದೇ ಕರೆಸಿಕೊಳ್ಳುವ ಇಂಡಿಯನ್ ಸ್ಪಿಟ್ಸ್, ಎಲ್ಲ ಈ ಗುಂಪಿನವು. ಲ್ಯಾಬ್ರಡಾರ್‌ನ ಕೂದಲು ಗಿಡ್ಡವಾಗಿರುವುದರಿಂದ ಅದಕ್ಕೆ ಒಳಪದರವೇ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಮನೆಯಲ್ಲಿ ಅತಿ ಹೆಚ್ಚು ಕೂದಲು ಉದುರಿಸುವ ನಾಯಿಗಳಲ್ಲಿ ಅದೂ ಒಂದು.

ಬುಡದಲ್ಲಿ ನೇರವಾಗಿ ಚರ್ಮವೇ ಕಂಡರೆ ಅದು ಒಂದೇ ಪದರ. ಬಾಗಲಕೋಟೆ ಕಡೆಯ ಮುಧೋಳ ನಾಯಿ ಇದಕ್ಕೆ ಒಳ್ಳೆಯ ಉದಾಹರಣೆ: ಮೈಗಂಟಿದ ಗಿಡ್ಡ ಕೂದಲು, ವಾರಕ್ಕೊಮ್ಮೆ ರಬ್ಬರ್ ಕೈಗವಸಿನಿಂದ ಉಜ್ಜಿದರೆ ಸಾಕು. ಮೂರನೆಯದು ಶಿಹ್ ತ್ಸು, ಲ್ಹಾಸಾ ಆಪ್ಸೊ, ಪೂಡಲ್, ಮಾಲ್ಟೀಸ್ ಗುಂಪು. ಇವುಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಉದುರುವುದು ಕಡಿಮೆ, ಸಿಕ್ಕಾಗುವುದು ಹೆಚ್ಚು. ಇವುಗಳಿಗೆ ಕತ್ತರಿ ಬೇಕೇ ಬೇಕು.

ಬೋಳಿಸುವುದರ ಅಪಾಯವೂ ಈ ವ್ಯತ್ಯಾಸದಲ್ಲೇ ಅಡಗಿದೆ. ಪ್ರತಿ ಕೂದಲು ಕೆಲ ಕಾಲ ಬೆಳೆದು, ಬೆಳವಣಿಗೆ ನಿಲ್ಲಿಸಿ, ಹಾಗೇ ನೆಟ್ಟುಕೊಂಡಿದ್ದು, ಕೊನೆಗೆ ಉದುರುತ್ತದೆ. ಪೂಡಲ್‌ನ ಕೂದಲಿನ ಬಹುಪಾಲು ಯಾವಾಗಲೂ ಬೆಳೆಯುವ ಹಂತದಲ್ಲೇ ಇರುತ್ತದೆ. ಹಸ್ಕಿ, ಪಾಮೇರಿಯನ್‌ಗಳಲ್ಲಿ ಉಲ್ಟಾ: ಹೆಚ್ಚಿನ ಕೂದಲು ಬಹುಕಾಲ ವಿಶ್ರಾಂತಿಯಲ್ಲೇ ಇರುತ್ತದೆ. ಮೇಲೆ ಯಂತ್ರ ಓಡಿಸಿದ ಮಾತ್ರಕ್ಕೆ ಬುಡಕ್ಕೆ ಅದು ಗೊತ್ತಾಗುವುದಿಲ್ಲ. ಅದರ ವಿಶ್ರಾಂತಿ ಮುಗಿದು ಮುಂದಿನ ಸರದಿ ಬರುವವರೆಗೂ ಆ ಜಾಗ ಬೋಳಾಗಿಯೇ ಉಳಿಯುತ್ತದೆ.

ಯಾಕೆ ಉದುರುತ್ತದೆ

ಕೂದಲು ಬದಲಾಗುವುದಕ್ಕೆ ಮುಖ್ಯ ಸೂಚನೆ ಹಗಲಿನ ಉದ್ದ. ಚಳಿ ದೇಶಗಳಲ್ಲಿ ಬೇಸಿಗೆ ಮತ್ತು ಚಳಿಗಾಲದ ಹಗಲುಗಳ ನಡುವೆ ಎಂಟು ಗಂಟೆಗೂ ಮೀರಿದ ಅಂತರವಿರುವುದುಂಟು. ಅಲ್ಲಿ ನಾಯಿಗಳು ವರ್ಷಕ್ಕೆರಡು ಬಾರಿ ಗುಡ್ಡೆಗುಡ್ಡೆಯಾಗಿ ಉದುರಿಸಿ ಮುಗಿಸುತ್ತವೆ. ಬೆಂಗಳೂರಿನಲ್ಲಿ ಆ ಅಂತರ ಸುಮಾರು ಒಂದೂವರೆ ಗಂಟೆ. ಮನೆಯೊಳಗಿನ ನಾಯಿಗೆ ರಾತ್ರಿ ಹನ್ನೊಂದರವರೆಗೆ ದೀಪದ ಬೆಳಕು ಬೇರೆ. ಹಾಗಾಗಿ ನಮ್ಮ ನಾಯಿಗಳು ವರ್ಷಪೂರ್ತಿ ಸ್ವಲ್ಪಸ್ವಲ್ಪ ಉದುರಿಸುತ್ತಾ, ಬೇಸಿಗೆಯ ಮೊದಲು ಮತ್ತು ಮಳೆಗಾಲದ ಕೊನೆಗೆ ಒಂದಿಷ್ಟು ಹೆಚ್ಚು ಉದುರಿಸುವುದು ಸಾಮಾನ್ಯ. ಮರಿ ಹಾಕಿದ ಕೆಲ ವಾರಗಳಿಗೆ ತಾಯಿನಾಯಿ ಮೈತುಂಬ ಉದುರಿಸಿದರೂ ಗಾಬರಿ ಬೇಡ, ಹಾಲು ಬಿಡಿಸಿದ ಮೇಲೆ ಹೊಸದು ಬರುತ್ತದೆ.

ಬಾಚುವ ಕ್ರಮ

ಎರಡು ಪದರದ ನಾಯಿಗೆ ಮೂರು ಉಪಕರಣ ಸಾಕು: ಬಾಗಿದ ತಂತಿಹಲ್ಲಿನ ಸ್ಲಿಕರ್ ಬ್ರಷ್, ಉದ್ದ ಹಲ್ಲಿನ ಅಂಡರ್‌ಕೋಟ್ ರೇಕ್, ಒಂದು ಕಡೆ ವಿರಳ, ಇನ್ನೊಂದು ಕಡೆ ಒತ್ತು ಹಲ್ಲಿರುವ ಸ್ಟೀಲ್ ಬಾಚಣಿಗೆ. ಲ್ಯಾಬ್ರಡಾರ್‌ಗೆ ರೇಕ್ ಬದಲು ರಬ್ಬರ್ ಬ್ರಷ್. ಸ್ಲಿಕರನ್ನು ಮೊದಲು ನಿಮ್ಮ ಮುಂಗೈಯ ಒಳಭಾಗದ ಮೇಲೆ ಎಳೆದು ನೋಡಿ. ಗೀರು ಬಿದ್ದರೆ ನಾಯಿಯ ಚರ್ಮಕ್ಕೂ ಬೀಳುತ್ತದೆ.

1. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಒಣಗಿದ ಒರಟು ಕೂದಲಾದರೆ ಸ್ಪ್ರೇ ಬಾಟಲಿಯಿಂದ ನೀರಿನ ತೆಳು ಹನಿ ಸಿಂಪಡಿಸಿ. ಪೂರ್ತಿ ಒಣಗಿದ ಕೂದಲು ಎಳೆದಾಗ ತುಂಡಾಗುತ್ತದೆ.

2. ಹಿಂಗಾಲಿನ ಕೆಳಗಿನಿಂದ ಶುರುಮಾಡಿ. ಎಡ ಅಂಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಎರಡು ಬೆರಳಗಲದ ಒಂದು ಸಾಲನ್ನು ಮಾತ್ರ ಕೆಳಗೆ ಬಿಟ್ಟು, ಬುಡದಿಂದ ತುದಿಗೆ ಸ್ಲಿಕರ್ ಎಳೆಯಿರಿ. ಸಾಲಿನ ಬುಡದಲ್ಲಿ ಚರ್ಮ ಕಾಣಬೇಕು. ಆ ಸಾಲು ಮುಗಿದ ಮೇಲೆ ಅದರ ಮೇಲಿನದು. ಬೆನ್ನ ಮೇಲೆ ಸುಮ್ಮನೆ ಬ್ರಷ್ ಆಡಿಸಿದರೆ ಮೇಲಿನ ಕೂದಲು ಹೊಳೆಯುತ್ತದೆ, ಒಳಗಿನ ಹತ್ತಿ ಹಾಗೇ ಉಳಿಯುತ್ತದೆ. ‘ದಿನಾ ಬಾಚಿದರೂ ಉದುರುತ್ತದೆ’ ಎನ್ನುವ ಮನೆಗಳಲ್ಲಿ ಬಹುತೇಕ ಆಗುತ್ತಿರುವುದು ಇದೇ.

3. ತೊಡೆಯ ಹಿಂಭಾಗ, ಕುತ್ತಿಗೆಯ ಸುತ್ತ, ಬಾಲದ ಬುಡಕ್ಕೆ ರೇಕ್ ಬಳಸಿ. ಸತ್ತ ಒಳಗೂದಲು ಹೆಚ್ಚು ನಿಲ್ಲುವುದು ಇಲ್ಲೇ. ರೇಕನ್ನು ಒತ್ತಬೇಡಿ, ಅದರ ತೂಕವೇ ಸಾಕು.

4. ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟ್ ಉಜ್ಜುವ ಜಾಗದಲ್ಲಿ ಬೆರಳಾಡಿಸಿ ಸಿಕ್ಕು ಹುಡುಕಿ. ಸಿಕ್ಕಿನ ಬುಡವನ್ನು ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತಾ ಬನ್ನಿ. ಹೀಗೆ ಮಾಡಿದರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ.

5. ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು. ಎಲ್ಲಿ ನಿಂತಿತೋ ಅಲ್ಲಿ ಕೆಲಸ ಬಾಕಿ ಇದೆ.

ವಾರಕ್ಕೆ ಎರಡು ಮೂರು ಸಲ, ಒಮ್ಮೆಗೆ 15–20 ನಿಮಿಷ. ಹೆಚ್ಚು ಉದುರುವ ವಾರಗಳಲ್ಲಿ ದಿನವೂ. ಇದೇ ಹೊತ್ತಿನಲ್ಲಿ ಕಾಲ್ಬೆರಳ ಸಂದು, ಕಿವಿಯ ಒಳಮಗ್ಗುಲಲ್ಲಿ ಉಣ್ಣಿ ಇದೆಯೇ ಎಂದೂ ನೋಡಿಬಿಡಿ.

ಅಲುಗಿನಂಥ ಹಲ್ಲಿರುವ ಡಿ-ಶೆಡ್ಡಿಂಗ್ ಸಾಧನದ ಬಗ್ಗೆ ಎಚ್ಚರವಿರಲಿ. ಮೊದಲ ಎಳೆತಕ್ಕೇ ಮುಷ್ಟಿ ತುಂಬ ಕೂದಲು ಬರುವುದರಿಂದ ಕೈ ನಿಲ್ಲುವುದೇ ಇಲ್ಲ. ಬಂದ ಕೂದಲನ್ನು ನೋಡಿ. ಮೆತ್ತಗೆ, ತಿಳಿಬಣ್ಣವಿದ್ದರೆ ಸರಿ. ಉದ್ದ, ಗಡಸು, ಗಾಢ ಬಣ್ಣದ ಎಳೆಗಳು ಬರತೊಡಗಿದರೆ ಮೇಲಿನ ಕೂದಲನ್ನು ಕತ್ತರಿಸುತ್ತಿದ್ದೀರಿ ಎಂದರ್ಥ. ವಾರಕ್ಕೊಮ್ಮೆ, ಹತ್ತು ನಿಮಿಷ, ಅದೂ ಬೆನ್ನು ಮತ್ತು ತೊಡೆಗೆ ಮಾತ್ರ. ಹೊಟ್ಟೆಗೆ, ಮೂಳೆ ಎದ್ದಿರುವ ಕಡೆ ಬೇಡ.

ಸ್ನಾನದ ದಿನವೇ ದೊಡ್ಡ ಕೆಲಸ

ನಾಲ್ಕರಿಂದ ಆರು ವಾರಕ್ಕೊಂದು ಸ್ನಾನ ಸಾಕು. ಬಾಚದೆ ಸ್ನಾನ ಮಾಡಿಸಬೇಡಿ, ನೆನೆದ ಸಿಕ್ಕು ಒಣಗುವಾಗ ಹಗ್ಗದಂತೆ ಬಿಗಿಯುತ್ತದೆ. ಉಗುರುಬೆಚ್ಚಗಿನ ನೀರು ಚರ್ಮದವರೆಗೆ ಇಳಿಯುವುದಕ್ಕೇ ಐದು ನಿಮಿಷ ಹಿಡಿಯುತ್ತದೆ. ನಾಯಿಯ ಶಾಂಪೂವನ್ನು ನೀರಿನಲ್ಲಿ ಕಲಸಿ ಹಾಕಿ, 5–10 ನಿಮಿಷ ಬಿಡಿ. ಆ ಹೊತ್ತಿನಲ್ಲಿ ರಬ್ಬರ್ ಬ್ರಷ್‌ನಿಂದ ಉಜ್ಜಿದರೆ ಸಡಿಲ ಕೂದಲು ರಾಶಿ ಬರುತ್ತದೆ. ಮೋರಿಗೆ ಮೊದಲೇ ಜಾಲರಿ ಇಡಿ. ನಮ್ಮ ಶಾಂಪೂ, ಮೈಸೋಪು ನಾಯಿಗೆ ಒಗ್ಗುವುದಿಲ್ಲ. ಅದರ ಚರ್ಮ ನಮ್ಮದಕ್ಕಿಂತ ತೆಳು, ಆಮ್ಲೀಯತೆಯೂ ಕಡಿಮೆ. ಚರ್ಮ ಒಣಗಿ ಹೊಟ್ಟೇಳುತ್ತದೆ. ಸೀಗೆಪುಡಿಯೂ ಬೇಡ, ಕಣ್ಣಿಗೆ ಬಿದ್ದರೆ ಉರಿ, ತರಿ ಒಳಗೂದಲಲ್ಲಿ ಉಳಿದರೆ ತುರಿಕೆ. ನೀರು ತಿಳಿಯಾಗಿ ಬಂದ ಮೇಲೂ ಇನ್ನೊಮ್ಮೆ ತೊಳೆಯಿರಿ.

ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಿರಿ. ನಂತರ ಗ್ರೂಮಿಂಗ್ ಬ್ಲೋವರ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಜೋರು ಗಾಳಿ ಸತ್ತ ಒಳಗೂದಲನ್ನು ಊದಿ ಹೊರಹಾಕುತ್ತದೆ. ತಾರಸಿಯಲ್ಲೋ ಅಂಗಳದಲ್ಲೋ ಮಾಡಿ, ಕಿವಿ ಮತ್ತು ಮುಖಕ್ಕೆ ಗಾಳಿ ಬಿಡಬೇಡಿ. ಮನೆಯ ಹೇರ್ ಡ್ರೈಯರ್ ಆದರೆ ಕಡಿಮೆ ಬಿಸಿಯಲ್ಲಿ, ಒಂದು ಅಡಿ ದೂರದಿಂದ. ಬುಡ ಒಣಗಿದೆಯೇ ಎಂದು ಬೆರಳಿಟ್ಟೇ ನೋಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅರ್ಧ ಒಣಗಿದ ಒಳಪದರದ ಕೆಳಗೆ ಒಂದೇ ರಾತ್ರಿಯಲ್ಲಿ ಚರ್ಮ ಕೆಂಪಾಗಿ, ನೀರೊಸರಿ, ಅಂಗೈಯಗಲದ ಹುಣ್ಣಾಗುವುದುಂಟು.

ತಟ್ಟೆಯಲ್ಲಿ ಏನಿದೆ

ಕೂದಲೆಂದರೆ ಬಹುಪಾಲು ಪ್ರೋಟೀನು. ಬೆಳೆದ ನಾಯಿಯ ಆಹಾರದ ಒಣತೂಕದಲ್ಲಿ ಕನಿಷ್ಠ 18 ಶೇಕಡ ಪ್ರೋಟೀನು ಇರಬೇಕು. ಅಕ್ಕಿ, ರಾಗಿಗಳಲ್ಲಿ ಇರುವುದು ಸುಮಾರು 7 ಶೇಕಡ. ಅನ್ನ-ಮೊಸರು, ಹಾಲು-ಮುದ್ದೆ ಮಾತ್ರ ತಿಂದು ಬೆಳೆದ ನಾಯಿಯ ಕೂದಲು ಮಂಕಾಗಿ, ಒಡೆದು, ಕಾಲವಲ್ಲದ ಕಾಲದಲ್ಲೂ ಉದುರುತ್ತದೆ. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಮೀನು ಸೇರಿಸಿ. ಮೊಟ್ಟೆಯನ್ನು ಹಸಿಯಾಗಿ ಕೊಡಬೇಡಿ, ಬಿಳಿಭಾಗದಲ್ಲಿರುವ ಅವಿಡಿನ್ ಕೂದಲಿಗೆ ಬೇಕಾದ ಬಯೋಟಿನ್ ಅನ್ನು ಹಿಡಿದಿಟ್ಟುಬಿಡುತ್ತದೆ. ಮೀನೆಣ್ಣೆ ಕೊಡುವುದಾದರೆ ಅದರ ಪ್ರಮಾಣವನ್ನು ನಾಯಿಯ ತೂಕ ನೋಡಿ ಪಶುವೈದ್ಯರೇ ಹೇಳಲಿ, ಹೆಚ್ಚಾದರೆ ಭೇದಿ. ಆಹಾರವನ್ನು ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ಗುಣ ಕಾಣಲು 6–8 ವಾರ ಬೇಕು.

ಹಾಗಾದರೆ ಸೆಖೆಗೆ?

ನಾವು ಮೈತುಂಬ ಬೆವರಿ ತಂಪಾಗುತ್ತೇವೆ. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದೂ ಲೆಕ್ಕಕ್ಕಿಲ್ಲದಷ್ಟು. ಅದರ ಶಾಖ ಹೊರಹೋಗುವುದು ಬಾಯಿ ತೆರೆದು ಏದುವಾಗ. ಆದ್ದರಿಂದ ಚರ್ಮ ಬರಿದಾದರೂ ಲಾಭ ಅಲ್ಪ. ಬದಲಿಗೆ ಬಿಸಿಲು ನೇರ ಚರ್ಮಕ್ಕೆ ಬಡಿಯುತ್ತದೆ. ತಿಳಿ ಗುಲಾಬಿ ಚರ್ಮದ ಬಿಳಿ ನಾಯಿಗಳಿಗೆ ಸುಟ್ಟಗಾಯವಾಗುತ್ತದೆ, ಸೊಳ್ಳೆ-ನೊಣಗಳ ಕಾಟ ಬೇರೆ. ಸತ್ತ ಕೂದಲು ತೆಗೆದ ತುಪ್ಪಳದೊಳಗೆ ಗಾಳಿಯಾಡುತ್ತದೆ. ಸಿಕ್ಕುಗಟ್ಟಿದ್ದು ಮಾತ್ರ ಕಂಬಳಿ ಹೊದ್ದಂತೆ.

ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ನಾಯಿಯನ್ನು ಉಳಿಸುವುದು ಬೇರೆಯೇ ಕೆಲಸಗಳು: ಬೆಳಿಗ್ಗೆ ಏಳರೊಳಗೆ ಮತ್ತು ನೆಲ ತಣಿದ ಮೇಲೆ ಮಾತ್ರ ನಡಿಗೆ, ನೆರಳಿನಲ್ಲಿ ಎರಡು ಕಡೆ ನೀರು, ಮಲಗಲು ಕಲ್ಲುನೆಲ, ಫ್ಯಾನು. ಹೊಟ್ಟೆಯ ಕೂದಲನ್ನು ಮಾತ್ರ ಗಿಡ್ಡ ಮಾಡಿಸಬಹುದು, ತಣ್ಣನೆಯ ನೆಲಕ್ಕೆ ಚರ್ಮ ತಾಗಿದರೆ ಹಿತ. ಅಂಗಾಲಿನ ಗಾದಿಗಳ ನಡುವಿನ ಕೂದಲನ್ನೂ ಕತ್ತರಿಸಿ. ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಜೊಲ್ಲು ಸುರಿಸುತ್ತಾ ತೂರಾಡಿದರೆ ಕೂಡಲೇ ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ, ಆಸ್ಪತ್ರೆಗೆ ಒಯ್ಯಿರಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿಯುತ್ತದೆ.

ಬೋಳಿಸಲೇಬೇಕಾದಾಗ

ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್, ಹುಳುಬಿದ್ದ ಗಾಯ, ಬಾಚಣಿಗೆ ಹೋಗದಷ್ಟು ಜಡೆಗಟ್ಟಿದ ಕೂದಲು. ಇಲ್ಲಿ ಬೋಳಿಸುವುದೇ ದಯೆ. ಜಡೆಗಟ್ಟಿದ್ದನ್ನು ಗಂಟೆಗಟ್ಟಲೆ ಎಳೆದು ಬಿಡಿಸುವುದು ನಾಯಿಗೆ ಹಿಂಸೆ.

ಸಿಕ್ಕನ್ನು ಕತ್ತರಿಯಿಂದ ಕತ್ತರಿಸಬೇಡಿ. ಸಿಕ್ಕಿನೊಂದಿಗೆ ಚರ್ಮವೂ ಗೋಪುರದಂತೆ ಮೇಲೆದ್ದಿರುತ್ತದೆ, ಕತ್ತರಿ ಅದನ್ನೇ ಸೀಳುತ್ತದೆ. ಕ್ಲಿಪ್ಪರ್‌ಗೆ 10ನೇ ನಂಬರಿನ ಬ್ಲೇಡ್ ಹಾಕಿ. ಅದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಉಳಿಸುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದು, ಬ್ಲೇಡನ್ನು ಚರ್ಮಕ್ಕೆ ಮಟ್ಟಸವಾಗಿಟ್ಟು, ಸಿಕ್ಕಿನ ಕೆಳಗಿನಿಂದ ನಿಧಾನವಾಗಿ ನಡೆಸಿ. ಬ್ಲೇಡ್ ಕಾಯುತ್ತದೆ. ಐದು ನಿಮಿಷಕ್ಕೊಮ್ಮೆ ಮಣಿಕಟ್ಟಿಗೆ ಮುಟ್ಟಿಸಿ ನೋಡಿ. ಕಂಕುಳು, ತೊಡೆಸಂದಿನ ಮಡಿಕೆ, ಕಿವಿಯಂಚುಗಳಲ್ಲಿ ಗಾಯವಾಗುವುದು ಹೆಚ್ಚು. ಕಿವಿಯ ಜಡೆ ತೆಗೆದ ದಿನ ನಾಯಿ ಹಗುರಾದ ಕಿವಿಯನ್ನು ಪಟಪಟ ಒದರಿ, ಒಳಗೆ ರಕ್ತ ತುಂಬಿ ಕಿವಿ ಊದಿಕೊಳ್ಳುವುದುಂಟು. ಅಂದು ಅದರ ಮೇಲೆ ಕಣ್ಣಿಟ್ಟಿರಿ. ಶಿಹ್ ತ್ಸು ಗುಂಪಿನವಕ್ಕೆ ಸಿಕ್ಕಾಗುವವರೆಗೆ ಕಾಯದೆ 6–8 ವಾರಕ್ಕೊಮ್ಮೆ ಒಂದಂಗುಲ ಉಳಿಸಿ ಕತ್ತರಿಸಿದರೆ ಈ ಪಾಡೇ ಇಲ್ಲ.

ವೈದ್ಯರ ಬಳಿ ಹೋಗಬೇಕಾದ ಉದುರುವಿಕೆ

ಮೈಯೆಲ್ಲ ಸಮನಾಗಿ ಉದುರಿ, ಚರ್ಮ ಕಾಣದೆ ಇದ್ದರೆ ಸಹಜ. ಬೋಳು ಮಚ್ಚೆ ಬಿದ್ದರೆ ಅಲ್ಲ. ಉಂಗುರದಂಥ ಮಚ್ಚೆ ಹುಳುಕಡ್ಡಿಯಿರಬಹುದು, ಮನೆಮಂದಿಗೂ ಅಂಟುತ್ತದೆ. ಕಿವಿಯಂಚು, ಮೊಣಕೈಯಲ್ಲಿ ವಿಪರೀತ ತುರಿಕೆಯಿದ್ದರೆ ಕಜ್ಜಿ. ಮರಿಯ ಕಣ್ಣಸುತ್ತ ತುರಿಕೆಯಿಲ್ಲದೆ ಉದುರಿದರೆ ಡೆಮೊಡೆಕ್ಸ್ ನುಸಿ. ಎರಡೂ ಪಕ್ಕೆಯಲ್ಲಿ ಒಂದೇ ಸಮ ಉದುರಿ, ನಾಯಿ ದಪ್ಪಗಾಗಿ ಮಂಕಾಗಿದ್ದರೆ ಥೈರಾಯ್ಡ್ ಕೊರತೆ. ಅತಿಯಾಗಿ ನೀರು ಕುಡಿದು ಹೊಟ್ಟೆ ಜೋತಿದ್ದರೆ ಕುಶಿಂಗ್ ಕಾಯಿಲೆಯ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವ ತೊಂದರೆ) ಶಂಕೆ.

ಈಗಾಗಲೇ ಬೋಳಿಸಿಬಿಟ್ಟಿದ್ದರೆ

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗೆ ಬಿಡಬೇಡಿ. ಹೊರಗೆ ಹೋಗಲೇಬೇಕಾದರೆ ಹಳೆಯ ತೆಳು ಹತ್ತಿ ಬನಿಯನ್ ಹಾಕಿ. ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಬೇಡಿ, ನೆಕ್ಕಿದರೆ ವಿಷ. ಕೊಬ್ಬರಿ ಎಣ್ಣೆ ತಿಕ್ಕಿದರೆ ಕೂದಲು ಬೇಗ ಬರುವುದಿಲ್ಲ, ಧೂಳು ಅಂಟುತ್ತದೆ. ಲ್ಯಾಬ್ರಡಾರ್‌ಗೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಬರುತ್ತದೆ. ಹಸ್ಕಿ, ಪಾಮೇರಿಯನ್‌ಗಳಿಗೆ ಆರು ತಿಂಗಳಿಂದ ಎರಡು ವರ್ಷದವರೆಗೂ ಹಿಡಿದೀತು. ವರ್ಷವಾದರೂ ಬಾರದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೊದಲು ಮೂಡುವುದು ಮೆತ್ತನೆಯ ಒಳಗೂದಲು, ಬಣ್ಣವೂ ಬೇರೆ ಕಾಣಬಹುದು. ‘ಸಮ ಮಾಡುತ್ತೇವೆ’ ಎಂದು ಯಾರಾದರೂ ಮತ್ತೆ ಯಂತ್ರ ಹಿಡಿದರೆ ಒಪ್ಪಬೇಡಿ. ಮೇಲಿನ ಗಡಸು ಕೂದಲು ಅದನ್ನು ಸೀಳಿಕೊಂಡು ಬರುವವರೆಗೆ ವಾರಕ್ಕೆರಡು ಸಲ ಮೃದುವಾದ ಬ್ರಷ್ ಮಾತ್ರ ಬಳಸಿ.