ದಿನಕ್ಕೆ ಮೂರೇ ಗಂಟೆ ಕ್ಲಸ್ಟರ್ ಓಡಿಸಿ ಮಳೆ ಲೆಕ್ಕ ಹಿಡಿದದ್ದು: ನನ್ನ ಅನುಭವ

"ಕ್ಲಸ್ಟರ್ ಆಫ್ ಮಾಡಿ ಇಡ್ತೀಯಾ? ಡೇಟಾ ಎಲ್ಲ ಹೋಗುತ್ತೆ ಮಾರಾಯ, ಬೇಡ." ಬೆಂಗಳೂರಿನಲ್ಲಿ ಕ್ಲೌಡ್ ಕೆಲಸದಲ್ಲಿರುವ ನಮ್ಮೂರಿನ ಗೆಳೆಯ ಹೇಳಿದ ಮಾತು ಇದು. ಅಡಿಕೆ ತೋಟಗಳ ಮಳೆ ಲೆಕ್ಕ ಇಡಲು ಮೈಕ್ರೋಸಾಫ್ಟ್ ಅಜೂರ್ ಕ್ಲೌಡಿನಲ್ಲಿ ನಾನು ಬಾಡಿಗೆಗೆ ಹಿಡಿದ ಕಂಪ್ಯೂಟರ್ ವ್ಯವಸ್ಥೆಯೇ ಈ ಕ್ಲಸ್ಟರ್. ಊರಲ್ಲಿ ಚಿಕ್ಕಪ್ಪ ಕೇಳಿದ್ದು ಬೇರೆ: "ವಾರಗಟ್ಟಲೆ ಕರೆಂಟಿರದ ಊರಿಗೆ ಎಂತ ಕ್ಲೌಡು?" ಆಫ್ ಮಾಡಿ ಇಡಲು ಶುರು ಮಾಡಿದ ಮೇಲೆ ಎರಡು ಮಳೆಗಾಲ ದಾಟಿದೆ. ಒಂದು ಸಾಲು ಡೇಟಾ ಕೂಡ ಹೋಗಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೊಸನಗರ ತಾಲ್ಲೂಕಿನ ನಗರ, ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ಕಡೆ, ಆಮೇಲೆ ತೀರ್ಥಹಳ್ಳಿ ಕಡೆ ಮೂರು, ಒಟ್ಟು 14 ಅಡಿಕೆ ತೋಟಗಳಲ್ಲಿ ಮಳೆಮಾಪಕ ಇಟ್ಟಿದ್ದೇನೆ. ಜೊತೆಗೆ ಉಷ್ಣಾಂಶ, ತೇವಾಂಶದ ಸೆನ್ಸರ್. ಒಂದಕ್ಕೆ ಸಿಮ್, ಬ್ಯಾಟರಿ, ಸೋಲಾರ್ ಎಲ್ಲ ಸೇರಿ 9 ಸಾವಿರದ ಆಸುಪಾಸು ಬಿತ್ತು. ಕಾಲು ಗಂಟೆಗೊಮ್ಮೆ ಒಂದು ಲೆಕ್ಕ. ದಿನಕ್ಕೆ ಸಾವಿರದ ಮುನ್ನೂರು ಚಿಲ್ಲರೆ ಸಾಲು ಅಷ್ಟೇ. ಇಷ್ಟಕ್ಕೆ ಅಜೂರ್‌ನ ಇವೆಂಟ್ ಹಬ್ಸ್ ಯಾಕೆ, ಡೇಟಾ ಎಕ್ಸ್‌ಪ್ಲೋರರ್ ಯಾಕೆ, ಒಂದು ಎಕ್ಸೆಲ್ ಶೀಟ್ ಸಾಲದಾ ಅಂತ ಎಲ್ಲರೂ ಕೇಳಿದರು.

ಸಾಲುವುದಿಲ್ಲ. ನಮ್ಮ ಕಡೆ ಮಳೆ ಬಿದ್ದ ಹೊತ್ತೇ ಬೇರೆ, ಅದರ ಲೆಕ್ಕ ಬಂದು ಮುಟ್ಟುವ ಹೊತ್ತೇ ಬೇರೆ. ಜುಲೈನಲ್ಲಿ ಟವರಿಗೆ ಕರೆಂಟ್ ಹೋಯಿತು ಅಂದರೆ ಎರಡು ದಿನ ಸಿಗ್ನಲ್ ಇಲ್ಲ. ಮೂರನೇ ದಿನ ಸಿಗ್ನಲ್ ಬಂದ ಕೂಡಲೇ ಹತ್ತು ಮಾಪಕಗಳು ಕೂಡಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಸುರಿಯುತ್ತವೆ. ಅದನ್ನು ಹಿಡಿದುಕೊಂಡು, ಓದುವವರು ಬರುವ ತನಕ ಇಟ್ಟುಕೊಳ್ಳುವ ಒಂದು ಜಾಗ ನನಗೆ ಬೇಕಿತ್ತು. ಅದೇ ಇವೆಂಟ್ ಹಬ್ಸ್. ಕಳೆದುಹೋದದ್ದು ಯಾವುದು, ಎರಡೆರಡು ಸಲ ಬಂದದ್ದು ಯಾವುದು ಅಂತ ಪ್ರಶ್ನೆ ಕೇಳಿ ತಿಳಿಯುವ ಇನ್ನೊಂದು ಜಾಗವೂ ಬೇಕಿತ್ತು. ಅದು ಡೇಟಾ ಎಕ್ಸ್‌ಪ್ಲೋರರ್, ಕ್ಲಸ್ಟರ್ ಅಂದದ್ದು ಅದನ್ನೇ.

ಮೊದಲ ವರ್ಷ ಪಟ್ಟ ಪಾಡು ಹೇಳುತ್ತೇನೆ. ಇದರಲ್ಲಿ ಅರ್ಧವಾದರೂ ನಿಮಗೆ ತಪ್ಪಲಿ.

ಶುರುವಿಗೇ ದುಡ್ಡು ಸುರಿದೆ. ಎಕ್ಸ್‌ಪ್ಲೋರರ್ ಕ್ಲಸ್ಟರ್ ಮಾಡುವಾಗ ಡೆವ್-ಟೆಸ್ಟ್ ಬಗೆಯದ್ದನ್ನು ಆರಿಸಬೇಕಿತ್ತು. ಅದು ಒಂದೇ ಮಷೀನಿನದ್ದು, ಎಸ್‌ಎಲ್‌ಎ (ಸೇವೆಯ ಬಗ್ಗೆ ಕಂಪನಿ ಕೊಡುವ ಖಾತ್ರಿ) ಇಲ್ಲ, ಆದರೆ ನಮ್ಮಂಥವರಿಗೆ ಧಾರಾಳ ಸಾಕು. ನಾನು ಗಮನಿಸದೆ ಎರಡು ಮಷೀನಿನ ದೊಡ್ಡದನ್ನೇ ಒತ್ತಿಬಿಟ್ಟೆ. ಹದಿನೆಂಟೋ ಹತ್ತೊಂಬತ್ತೋ ದಿನ ಓಡಿತು. ಬಿಲ್ಲು 28 ಸಾವಿರದ ಹತ್ತಿರ. ಆ ದುಡ್ಡಿನಲ್ಲಿ ಇನ್ನೂ ಮೂರು ಮಾಪಕ ಬರುತ್ತಿತ್ತು. ಮನೆಯಲ್ಲಿ ಹೇಳಲು ಒಂದು ವಾರ ಬೇಕಾಯಿತು. ಖರ್ಚಿನ ಮಿತಿ ದಾಟಿದರೆ ಮೆಸೇಜ್ ಬರುವ ಹಾಗೆ ಬಜೆಟ್ ಅಲರ್ಟ್ ಹಾಕಿದ್ದು ಆಮೇಲೆ. ನೀವು ಮೊದಲೇ ಹಾಕಿ.

ಎರಡನೇ ಪೆಟ್ಟು ಕನ್ಸ್ಯೂಮರ್ ಗ್ರೂಪಿನದ್ದು, ಅಂದರೆ ಹಬ್‌ನಿಂದ ಡೇಟಾ ಓದುವವರಿಗೆ ಇರುವ ಪ್ರತ್ಯೇಕ ದಾರಿಯದ್ದು. ಉಳಿತಾಯ ಅಂತ ಬೇಸಿಕ್ ದರ್ಜೆಯ ಇವೆಂಟ್ ಹಬ್ಸ್ ತೆಗೆದುಕೊಂಡಿದ್ದೆ. ಅದರಲ್ಲಿ ಇರುವುದು ಒಂದೇ ಗ್ರೂಪ್, ಡಿಫಾಲ್ಟ್. ಜೋರು ಮಳೆಗೆ ಎಸ್ಸೆಮ್ಮೆಸ್ ಕಳಿಸುವ ನನ್ನ ಸ್ಕ್ರಿಪ್ಟ್ ಅದರಿಂದಲೇ ಓದುತ್ತಿತ್ತು. ಹಬ್‌ನಿಂದ ಎಕ್ಸ್‌ಪ್ಲೋರರ್‌ಗೆ ಡೇಟಾ ಒಯ್ಯುವ ಕನೆಕ್ಷನ್ನೂ ಅದರಿಂದಲೇ. ಸ್ಕ್ರಿಪ್ಟ್ ಆಗಾಗ ಹೊರಗೆ ಬೀಳುತ್ತಿತ್ತು. ಡೇಟಾ ಕನೆಕ್ಷನ್ನಿಗೆ ಅದರದ್ದೇ ಆದ ಗ್ರೂಪ್ ಕೊಡಲೇಬೇಕು, ಬೇರೆ ಯಾರೂ ಅದನ್ನು ಮುಟ್ಟಬಾರದು. ಸ್ಟ್ಯಾಂಡರ್ಡ್ ದರ್ಜೆಗೆ ಹೋದೆ. ತಿಂಗಳಿಗೆ 1,900 ರೂಪಾಯಿ ಆಸುಪಾಸು, ಬೇಸಿಕ್‌ನ ಎರಡರಷ್ಟು. ಆದರೆ ಅದರಿಂದಲೇ ಇನ್ನೊಂದು ಲಾಭ ಸಿಕ್ಕಿತು. ಬೇಸಿಕ್ ಒಂದೇ ದಿನದ ಡೇಟಾ ಇಟ್ಟುಕೊಳ್ಳುತ್ತದೆ. ಸ್ಟ್ಯಾಂಡರ್ಡ್ 7 ದಿನದ ತನಕ. ಈ 7 ದಿನದ ಮೇಲೆಯೇ ನನ್ನ ಇಡೀ ಉಪಾಯ ನಿಂತಿದೆ.

ಮೂರನೆಯದು ನಿಜಕ್ಕೂ ನಿದ್ದೆ ಕೆಡಿಸಿತು. ಕನೆಕ್ಷನ್ ಹಸಿರು ತೋರಿಸುತ್ತಿದೆ, ಸಾಲುಗಳು ಬರುತ್ತಿವೆ, ಮಳೆಯ ಕಾಲಂ ಮಾತ್ರ ಖಾಲಿ. ಎರಡು ದಿನ ಹುಡುಕಿದೆ. ಬಂದ ಡೇಟಾದ ಯಾವ ಹೆಸರು ಯಾವ ಕಾಲಂಗೆ ಅಂತ ಹೇಳುವ ಮ್ಯಾಪಿಂಗ್‌ನಲ್ಲಿ ರೇನ್ ಅನ್ನುವುದರ ಮೊದಲ ಅಕ್ಷರ ಕ್ಯಾಪಿಟಲ್ ಬರೆದಿದ್ದೆ, ಮಾಪಕ ಕಳಿಸುತ್ತಿದ್ದುದು ಸಣ್ಣಕ್ಷರದಲ್ಲಿ. ಅಕ್ಷರ ಒಂದೇ ಥರ ಇರಬೇಕು, ಇಲ್ಲದಿದ್ದರೆ ಎರರ್ ಬರುವುದಿಲ್ಲ, ಸುಮ್ನೆ ಖಾಲಿ ಬಿಡುತ್ತದೆ.

ಅದು ಸರಿ ಆಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮಳೆ ಜೋರಾದ ದಿನವೇ ನನ್ನ ಚಾರ್ಟಿನಲ್ಲಿ ಮಳೆ ಕಮ್ಮಿ! ಹುಲಿಕಲ್ ಘಾಟಿ ಕಡೆ ಹಳ್ಳ ಉಕ್ಕಿ ರಸ್ತೆ ಮೇಲೆ ನೀರು ಹರಿಯುತ್ತಿದೆ, ಇಲ್ಲಿ 40 ಮಿಲಿಮೀಟರ್ ಅಂತ ತೋರಿಸುತ್ತಿದೆ. ಮಾಪಕವೇ ಹಾಳು ಅಂದುಕೊಂಡು ಉಂಬಳ ಕಚ್ಚಿಸಿಕೊಂಡು ಮೂರು ತೋಟ ಹತ್ತಿ ಇಳಿದೆ. ಮಾಪಕ ಸರಿಯಾಗಿಯೇ ಇತ್ತು. ಸಿಗ್ನಲ್ ಇದ್ದಾಗ ಅದು ಒಂದೊಂದೇ ಲೆಕ್ಕ ಕಳಿಸುತ್ತದೆ. ಸಿಗ್ನಲ್ ಹೋಗಿ ಬಂದಾಗ ಕೂಡಿಟ್ಟದ್ದನ್ನು ಒಂದೇ ಪಟ್ಟಿ ಮಾಡಿ, ಅಂದರೆ ಅರೇ ಆಗಿ, ಒಂದೇ ಇವೆಂಟಿನಲ್ಲಿ (ಸಂದೇಶದಲ್ಲಿ) ಕಳಿಸುತ್ತದೆ. ನಾನು ಕನೆಕ್ಷನ್ನಿನಲ್ಲಿ ಆರಿಸಿದ್ದ ಡೇಟಾ ರೂಪ ಜೇಸನ್ (JSON). ಅದು ಸಾಲಿಗೊಂದು ದಾಖಲೆ ಇರುವ ಬಗೆ. ಪಟ್ಟಿ ಬಂದರೆ ಮಲ್ಟಿಜೇಸನ್ ಬೇಕು. ಹೀಗಾಗಿ ಜೋರು ಮಳೆಗೆ ಸಿಗ್ನಲ್ ಹೋದ ಹೊತ್ತಿನ ಲೆಕ್ಕ ಒಂದೂ ಸರಿಯಾಗಿ ಟೇಬಲ್ಲಿಗೆ ಬಂದಿರಲಿಲ್ಲ.

ಹೊಸ ಗ್ರೂಪ್ ಮಾಡಿ, ಮಲ್ಟಿಜೇಸನ್ ಹಾಕಿ ಹೊಸ ಕನೆಕ್ಷನ್ ಕೊಟ್ಟೆ. ಎಲ್ಲಿಂದ ಓದಬೇಕು ಅನ್ನುವ ತಾರೀಕನ್ನು ಅಲ್ಲೇ ಹಿಂದಕ್ಕೆ ಹಾಕಬಹುದು. ಹಬ್‌ನಲ್ಲಿ ಉಳಿದಿದ್ದ ಏಳು ದಿನದ್ದು ಪೂರಾ ವಾಪಸ್ ಬಂತು. ಅದಕ್ಕೂ ಹಿಂದಿನದು ಹೋಯಿತು. ಆ ಹತ್ತು ಹನ್ನೆರಡು ದಿನದ ಜಾಗ ನನ್ನ ಚಾರ್ಟಿನಲ್ಲಿ ಇವತ್ತಿಗೂ ಖಾಲಿ ಇದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆದರೆ ಆ ವಾಪಸ್ ಬಂದ ಏಳು ದಿನವೇ ದಾರಿ ತೋರಿಸಿತು. ಹಿಂದಿನದ್ದನ್ನು ಹೀಗೆ ಓದಬಹುದು ಅಂತಾದರೆ ಕ್ಲಸ್ಟರ್ ಇಡೀ ದಿನ ಯಾಕೆ ಎದ್ದಿರಬೇಕು? ನಿಲ್ಲಿಸಿದ ಕ್ಲಸ್ಟರಿಗೆ ಮಷೀನಿನ ಬಾಡಿಗೆ ಇಲ್ಲ, ಒಳಗಿರುವ ಡೇಟಾದ ಬಾಡಿಗೆ ಮಾತ್ರ. ಮತ್ತೆ ಎಬ್ಬಿಸಿದರೆ ಬಿಟ್ಟಲ್ಲಿಂದ ಓದಲು ಶುರು ಮಾಡುತ್ತದೆ. ಎಸ್ಸೆಮ್ಮೆಸ್ ಸ್ಕ್ರಿಪ್ಟ್ ಬೇರೆ ಗ್ರೂಪಿನಲ್ಲಿ, ಬೇರೆ ಸಣ್ಣ ಬಾಡಿಗೆ ಮಷೀನಿನಲ್ಲಿ 24 ಗಂಟೆಯೂ ಓಡುತ್ತದೆ. ಮಾಪಕಗಳು ಕಳಿಸಿದ್ದನ್ನು ಹಬ್ಬಿಗೆ ದಾಟಿಸುವುದೂ ಅದೇ ಮಷೀನು. ಆದ್ದರಿಂದ ತುರ್ತು ಸುದ್ದಿಗೆ ತೊಂದರೆ ಇಲ್ಲ.

ಈಗ ಬೆಳಿಗ್ಗೆ 8 ಗಂಟೆಗೆ ಎಬ್ಬಿಸುವ ಆದೇಶ ತಾನೇ ಹೋಗುತ್ತದೆ. ಏಳಲು ಹತ್ತು ಹದಿನೈದು ನಿಮಿಷ. 11ಕ್ಕೆ ಮಲಗುತ್ತದೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎಬ್ಬಿಸುತ್ತೇನೆ. ಡೆವ್-ಟೆಸ್ಟ್ ಬಗೆಗೆ ಬದಲಿಸಿ ಇಡೀ ದಿನ ಓಡಿಸುತ್ತಿದ್ದಾಗ ತಿಂಗಳಿಗೆ ಹತ್ತು ಸಾವಿರದ ಹತ್ತಿರ ಬರುತ್ತಿದ್ದ ಕ್ಲಸ್ಟರ್ ಬಿಲ್ಲು ಈಗ 1,500ರ ಒಳಗೆ. ಸಿಮ್, ಹಬ್, ಸಣ್ಣ ಮಷೀನು ಎಲ್ಲ ಸೇರಿ ಐದೂವರೆ ಸಾವಿರದೊಳಗೆ ಮುಗಿಯುತ್ತದೆ. ಮಳೆ ಪಟ್ಟಿ ಪಡೆಯುವ ನಲವತ್ತು ಮನೆಯವರು ತಿಂಗಳಿಗೆ ತಲಾ 150 ಕೊಡುತ್ತಾರೆ. ಕೈಯಿಂದ ಹಾಕುವುದು ನಿಂತಿದೆ. ಬಾಕಿ ಉಳಿದದ್ದೆಲ್ಲ ಓದಿ ಮುಗಿಯಿತಾ, ಈಗ ಮಲಗಿಸಬಹುದಾ ಅಂತ ತಿಳಿಯಲು ನಾನೇ ಕಟ್ಟಿದ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದಕ್ಕೆ ಒಂದು ಇಡೀ ಮಳೆಗಾಲ ಹಿಡಿದಿದೆ.

ಎರಡೆರಡು ಸಲ ಬರುವುದನ್ನು ತಡೆಯಲು ಹೋಗಬೇಡಿ, ಆಗುವುದಿಲ್ಲ. ಮಾಪಕಕ್ಕೆ ಉತ್ತರ ಮುಟ್ಟದಿದ್ದರೆ ಅದು ಮತ್ತೆ ಕಳಿಸುತ್ತದೆ, ಹಬ್‌ನಿಂದಲೂ ಒಂದೇ ಇವೆಂಟ್ ಎರಡು ಸಲ ಬರಬಹುದು. ಪ್ರತಿ ಲೆಕ್ಕಕ್ಕೂ ಮಾಪಕದ ಹೆಸರು, ಕ್ರಮಸಂಖ್ಯೆ, ಮಳೆ ಬಿದ್ದ ಸಮಯ ಮಾಪಕದಲ್ಲೇ ಸೇರಿಸಿ. ಎಕ್ಸ್‌ಪ್ಲೋರರ್‌ನಲ್ಲಿ ಒಂದು ಮೆಟೀರಿಯಲೈಸ್ಡ್ ವ್ಯೂ (ಟೇಬಲ್ಲಿನಿಂದ ತಾನೇ ಲೆಕ್ಕ ಹಾಕಿ ಇಟ್ಟುಕೊಳ್ಳುವ ಸಾರಾಂಶ) ಮಾಡಿ ಹೆಸರು, ಕ್ರಮಸಂಖ್ಯೆ ಸೇರಿದರೆ ಒಂದೇ ಸಾಲು ಉಳಿಯುವ ಹಾಗೆ ಮಾಡಿದೆ. ಇವೆಂಟ್ ಹಬ್‌ಗೆ ಬಂದ ಸಮಯವನ್ನು ಬೇರೆ ಕಾಲಂನಲ್ಲಿ ಇಟ್ಟಿದ್ದೇನೆ. ಎರಡರ ನಡುವಿನ ಅಂತರ ನೋಡಿದರೆ ಯಾವ ಊರಿನ ಟವರ್ ಎಷ್ಟು ಹೊತ್ತು ಸತ್ತಿತ್ತು ಅಂತ ಗೊತ್ತಾಗುತ್ತದೆ.

ದಿನದ ಲೆಕ್ಕದಲ್ಲಿ ಒಂದು ತೊಡಕು ಇದೆ. ಹವಾಮಾನ ಇಲಾಖೆಯವರ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ. ಎಕ್ಸ್‌ಪ್ಲೋರರ್ ಸಮಯ ಇಡುವುದು ಯುಟಿಸಿಯಲ್ಲಿ (ಜಾಗತಿಕ ಸಮಯದಲ್ಲಿ), ನಮ್ಮ 8.30 ಅಲ್ಲಿ ಸರಿಯಾಗಿ 3 ಗಂಟೆ. ಸಮಯದಿಂದ ಮೂರು ಗಂಟೆ ಕಳೆದು ದಿನಕ್ಕೊಂದು ಗುಂಪು (ಬಿನ್) ಮಾಡಿದರೆ ಮುಗಿಯಿತು. ಆದರೆ ಅವರು ಆ ಮಳೆಗೆ ಹಾಕುವುದು ಮುಗಿದ ದಿನದ ತಾರೀಕು. ಹಾಗಾಗಿ ಕೊನೆಗೆ ಒಂದು ದಿನ ಕೂಡಿಸಬೇಕು. ಇದು ಹೊಳೆಯುವ ತನಕ ಪೇಪರಿನ ಲೆಕ್ಕಕ್ಕೂ ನನ್ನದಕ್ಕೂ ತಾಳೆಯೇ ಆಗುತ್ತಿರಲಿಲ್ಲ.

ಮಧ್ಯೆ ಒಂದಷ್ಟು ಬೇರೆ ಪ್ರಯೋಗಗಳೂ ಆದವು. ಮಾಪಕದೊಳಗೆ 0.2 ಮಿಲಿಮೀಟರ್ ಮಳೆಗೊಮ್ಮೆ ಮಗುಚಿ ಎಣಿಸುವ ಪುಟ್ಟ ಬಕೆಟ್ ಹಾಕಿ ನೋಡಿದೆ. ನಮ್ಮ ಮಳೆಗೆ ಅದು ತಡಬಡಾಯಿಸಿ ಕಮ್ಮಿ ಎಣಿಸುತ್ತದೆ. ಈಗ ಎಲ್ಲ 0.5ರದ್ದೇ. ಇನ್ನೊಂದು, ಆಲಿಕೆಗೆ ಎಲೆ ಬಿದ್ದು ಕಟ್ಟಿದರೆ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಚಾರ್ಟಿನಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ತುಂತುರು ಮಳೆ ಬಂದ ಹಾಗೆ ಕಾಣುತ್ತದೆ. ಪಕ್ಕದ ತೋಟದಲ್ಲಿ ಹಾಗಿಲ್ಲದಿದ್ದರೆ ಆಲಿಕೆ ಕಟ್ಟಿದೆ ಅಂತಲೇ ಅರ್ಥ. ಇದಕ್ಕೆ ಅನಾಮಲಿ (ಅಸಹಜ ಲೆಕ್ಕ) ಹುಡುಕುವ ದೊಡ್ಡ ಫಂಕ್ಷನ್‌ಗಳನ್ನೆಲ್ಲ ಪ್ರಯತ್ನಿಸಿದೆ. ಕೊನೆಗೆ ಅಕ್ಕಪಕ್ಕದ ಎರಡು ತೋಟ ಹೋಲಿಸುವ ಐದು ಸಾಲಿನ ಕ್ವೆರಿಯೇ ಗೆದ್ದಿತು. ಜೇಡ ಒಳಗೆ ಬಲೆ ಕಟ್ಟದ ಹಾಗೆ ಏನು ಮಾಡಿದೆ ಅನ್ನುವುದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಇದೆಲ್ಲ ಅಡಿಕೆಯ ಕೊಳೆರೋಗ ತಡೆಯಲಿಕ್ಕಾಗಿ ಮಾಡಿದ್ದು. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯುವುದು ರೂಢಿ. ಆದರೆ ಎರಡನೇ ಸಲಕ್ಕೆ ಬಿಸಿಲು ಬಿಡುವುದೇ ಇಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗುವುದು ಅದಕ್ಕಿಂತ ಕಷ್ಟ. ಮೊದಲ ಔಷಧಿ ಹೊಡೆದ ಮೇಲೆ ಯಾವ ತೋಟಕ್ಕೆ ಎಷ್ಟು ಮಳೆ ಬಿತ್ತು, ಎಷ್ಟು ದಿನ ಬಿಡದೆ ತೇವ ಇತ್ತು ಅನ್ನುವ ಪಟ್ಟಿ ಈಗ ಬೆಳಿಗ್ಗೆ 9ಕ್ಕೆ ನಲವತ್ತು ಮನೆಗೂ ವಾಟ್ಸ್ಯಾಪ್‌ನಲ್ಲಿ ಹೋಗುತ್ತದೆ. ಕೊನೆಗೌಡನನ್ನು ಯಾವ ತೋಟಕ್ಕೆ ಮೊದಲು ಕರೆಯಬೇಕು ಅಂತ ಅದನ್ನು ನೋಡಿಯೇ ಮಾತಾಡಿಕೊಳ್ಳುತ್ತಾರೆ. ಹೋದ ವರ್ಷ ಚಿಕ್ಕಪ್ಪ ತಮ್ಮ ತೋಟಕ್ಕಿಂತ ಮೊದಲು ಮೇಲಿನ ಮನೆಯವರ ತೋಟಕ್ಕೆ ಅವನನ್ನು ಕಳಿಸಿದರು. ಅಲ್ಲಿ 300 ಮಿಲಿಮೀಟರ್‌ನಷ್ಟು ಜಾಸ್ತಿ ಬಿದ್ದಿತ್ತು.

ಹೋದ ಆಗಸ್ಟಿನಲ್ಲಿ ಮದುವೆಗೆ ಅಂತ ಊರು ಬಿಟ್ಟಿದ್ದೆ. ಎಬ್ಬಿಸುವ ಆದೇಶದ ಅವಧಿ ಮುಗಿದಿತ್ತು, ನನಗೆ ಗೊತ್ತಿರಲಿಲ್ಲ. ಆರು ದಿನ ಕ್ಲಸ್ಟರ್ ಎದ್ದೇ ಇರಲಿಲ್ಲ. ವಾಪಸ್ ಬಂದವನೇ ಬಟ್ಟೆ ಬದಲಿಸದೆ ಕೂತು ಎಬ್ಬಿಸಿದೆ. ಸುಮಾರು ಎಂಟು ಸಾವಿರ ಸಾಲು ಒಂದಾದ ಮೇಲೊಂದು ಒಳಗೆ ಬಂದವು. ಪ್ರತಿ ಮಾಪಕದ ಕ್ರಮಸಂಖ್ಯೆ ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ. ಬೆಂಗಳೂರಿನ ಗೆಳೆಯನಿಗೆ ಆ ಪಟ್ಟಿಯ ಫೋಟೋ ಕಳಿಸಿದೆ. ಅವನೂ ಈಗ ತನ್ನ ಆಫೀಸಿನ ಟೆಸ್ಟ್ ಕ್ಲಸ್ಟರನ್ನು ರಾತ್ರಿ ಮಲಗಿಸುತ್ತಾನಂತೆ.